ತಿಮ್ಮಪ್ಪ ಮೇಷ್ಟ್ರ ದನಿಯಲ್ಲಿ ಒಂದು ಮಳೆಗಾಲ

ಇದನ್ನು ಬರೆಯಬೇಕಾಗಿದ್ದವರು ತಿಮ್ಮಪ್ಪ ಮೇಷ್ಟ್ರು. ಶೃಂಗೇರಿ, ನರಸಿಂಹರಾಜಪುರ, ಕೊಪ್ಪ, ಮೂರೂ ತಾಲೂಕುಗಳಲ್ಲಿ ಸೀಮೆಸುಣ್ಣ ಸವೆಸಿ, ಕೊನೆಗೆ ಹಿರೇಕೊಡಿಗೆ ಕಡೆಯ ನಮ್ಮೂರಿನ ಶಾಲೆಯಲ್ಲಿ ನಿವೃತ್ತರಾದವರು. ಹೊಸದಾಗಿ ಪಾಠ ಮಾಡಲು ಬರುವ ಹುಡುಗ ಹುಡುಗಿಯರಿಗೆ ಈ ಕೆಲಸ ನಿಜಕ್ಕೂ ಹೇಗಿರುತ್ತದೆ ಎಂದು ನಾಲ್ಕು ಮಾತು ಬರೆದುಕೊಡಿ ಎಂದು ಕೇಳಲು ಅವರ ಮನೆಗೆ ಹೋಗಿದ್ದೆ. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

“ಒಂದು ಮಳೆಗಾಲ ನನ್ನ ದನಿ ಇಟ್ಕಂಡು ಅನ್ನ ತಿಂದವನು ನೀನು. ಕತೆ ಮಾತ್ರ ಎಂತಕ್ಕೆ ಬಿಡ್ತೀಯ? ಅದನ್ನೂ ನೀನೇ ಬರ್ಕ ಮಾರಾಯ.”

ಹಾಗಾಗಿ ಬರೆಯುತ್ತಿದ್ದೇನೆ. ಅವರಿಗೆ ಯಾವಾಗ ಬಡ್ತಿ ಬಂತು, ಯಾವ ಸಭೆಯಲ್ಲಿ ಶಾಲು ಹೊದಿಸಿದರು ಎಂಬುದು ಇದರಲ್ಲಿಲ್ಲ. ಕೇಳಿದರೆ ಅವರಿಗೆ ನೆನಪೂ ಇಲ್ಲ. ಅವರ ಹೆಂಡತಿ ಗಿರಿಜಮ್ಮನವರಿಗೆ ಎಲ್ಲ ನೆನಪಿದೆ. ಆದರೆ ಅವರು ಹೇಳಲು ಶುರುಮಾಡಿದರೆ ನಮ್ಮ ಕಾಫಿ ಆರಿಹೋಗುತ್ತದೆ.

ಇನ್ನು ನನ್ನ ಪರಿಚಯ. ಹೆಸರು ಮಂಜುನಾಥ, ಊರವರಿಗೆ ಮಂಜ. ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಊರಿನ ಹೆಸರು ಕೂಗುವ ಕಂಡಕ್ಟರು, ಟಿವಿಯಲ್ಲಿ ವಾರ್ತೆ ಓದುವವನು, ಮದುವೆಮನೆಯಲ್ಲಿ ಪಾಯಸ ಎಲ್ಲಿ ಎಂದು ಕೇಳುವ ದೂರದ ಮಾವ, ಎಲ್ಲರ ದನಿಯೂ ನನ್ನ ಗಂಟಲಲ್ಲಿ ಬಾಡಿಗೆಗೆ ಇದೆ. ಬಿ.ಎಡ್. ಓದುವಾಗ ಪ್ರಾಂಶುಪಾಲರ ದನಿ ಮಾಡಿದ್ದಕ್ಕೇ ನನಗೆ ಅಷ್ಟು ಅಂಕ ಬಂತು ಎಂದು ಗೆಳೆಯರು ಹೇಳುತ್ತಾರೆ. ಶುದ್ಧ ಸುಳ್ಳು. ಅದಕ್ಕೆ ಬಂದದ್ದು ನೋಟಿಸು.

ಮೇಷ್ಟ್ರು ನಿವೃತ್ತರಾದ ಮೇಲೆ ಅವರ ಜಾಗಕ್ಕೆ ಯಾರೂ ಬರಲಿಲ್ಲ. ಐದು ಮತ್ತು ಆರನೇ ಕ್ಲಾಸನ್ನು ನೋಡಿಕೊಳ್ಳಲು ನನ್ನನ್ನು ಅತಿಥಿ ಶಿಕ್ಷಕ ಎಂದು ತೆಗೆದುಕೊಂಡರು. ಅತಿಥಿ ಎಂದರೆ ಎಂತ ಎಂದು ಹೊಸಬರಿಗೆ ಹೇಳಬೇಕು: ಯಾರೂ ಕಾಫಿ ಕೊಡುವುದಿಲ್ಲ, ಯಾವಾಗ ಬೇಕಾದರೂ ಹೋಗಿ ಬನ್ನಿ ಎನ್ನಬಹುದು. ಹೆಡ್ ಮಿಸ್ ಶಾಂತಲಾ ಟೀಚರ್ ಅದನ್ನು ಮೊದಲ ದಿನವೇ ಬಿಡಿಸಿ ಹೇಳಿದರು.

“ನೋಡಿ ಮಂಜುನಾಥ್, ಗಣಪತಿ ಹಬ್ಬದ ತನಕ ನೋಡ್ತೀನಿ. ಹಬ್ಬದ ಹಿಂದಿನ ಶನಿವಾರ ನಮ್ಮ ಶಾಲಾ ಸಮಿತಿ, ಎಸ್‌ಡಿಎಂಸಿ ಅಧ್ಯಕ್ಷರೂ ನಾನೂ ನಿಮ್ಮ ಕ್ಲಾಸಲ್ಲಿ ಕೂರ್ತೀವಿ. ಮಕ್ಕಳು ನಿಮ್ಮ ಮಾತು ಕೇಳ್ತಾರೆ ಅಂದ್ರೆ ಇರಿ. ಇಲ್ಲಾ ಅಂದ್ರೆ ಬೇರೆಯವರನ್ನ ನೋಡ್ಬೇಕಾಗತ್ತೆ. ಬೇಜಾರು ಮಾಡ್ಕಬೇಡಿ.”

ನನಗೆ ಆ ಕೆಲಸ ಬೇಕಿತ್ತು. ಸಂಬಳಕ್ಕಿಂತ ಹೆಚ್ಚಾಗಿ ಇನ್ನೊಂದು ಕಾರಣಕ್ಕೆ ಬೇಕಿತ್ತು. “ಮಂಜನಾ? ಚೆನ್ನಾಗಿ ಅಣಕಿಸ್ತಾನೆ” ಎಂಬ ಒಂದು ವಾಕ್ಯದ ಆಚೆ ನಮ್ಮೂರಿನಲ್ಲಿ ನನ್ನ ಬಗ್ಗೆ ಎರಡನೇ ವಾಕ್ಯವೇ ಇರಲಿಲ್ಲ. ಅದೊಂದನ್ನು ಸಂಪಾದಿಸಬೇಕು ಎಂದು ಹೊರಟಿದ್ದೆ.

ಹೊರಟವನನ್ನು ಮೂರನೇ ಬೆಂಚಿನ ಸಿಂಚನಾ ಎಂಬ ಆರನೇ ಕ್ಲಾಸಿನ ಹುಡುಗಿ ಬಾಗಿಲಲ್ಲೇ ಹಿಡಿದಳು. “ಸಾರ್, ಹೋದ ವರ್ಷ ಗಣಪತಿ ಪೆಂಡಾಲಲ್ಲಿ ನಾಯಿ ಕೋಳಿ ಜಗಳ ಮಾಡಿದ್ರಲ್ಲ, ಒಂದ್ಸಲ ಮಾಡಿ ಸಾರ್.”

ಒಂದ್ಸಲ ತಾನೇ ಎಂದು ಮಾಡಿದೆ. ಹೊಸಬರೇ, ಎಂದಿಗೂ ಮಾಡಬೇಡಿ. ಕೋಳಿಯಾದವನ ಬಾಯಿಂದ ಅದೇ ದಿನ ಭಿನ್ನರಾಶಿಯ ಪಾಠ ಕೇಳಲು ಯಾವ ಮಗುವೂ ತಯಾರಿರುವುದಿಲ್ಲ. ಮೂರು ದಿನ ಆ ಕ್ಲಾಸಿನಲ್ಲಿ ನಾನೊಬ್ಬನೇ ಸುಮ್ಮನಿದ್ದೆ, ಯಾಕೆಂದರೆ ಕೂಗಿ ಕೂಗಿ ನನ್ನ ದನಿ ಹೋಗಿತ್ತು. ನಾಲ್ಕನೇ ದಿನ, ಏನು ಮಾಡಲೂ ತೋಚದೆ ನಿಂತಾಗ, ನನ್ನ ಗಂಟಲು ತಾನಾಗಿ ತಿಮ್ಮಪ್ಪ ಮೇಷ್ಟ್ರ ಕೆಮ್ಮು ಕೆಮ್ಮಿತು. ನಾನೂ ಅವರ ಕೈಯಲ್ಲೇ ಕಲಿತವನಲ್ಲವೇ, ಅದು ನನಗೆ ಬಾಯಿಪಾಠ. ಎರಡು ಗಿಡ್ಡ, ಸ್ವಲ್ಪ ಬಿಟ್ಟು ಒಂದು ಉದ್ದ.

ಕ್ಲಾಸು ತಣ್ಣಗಾಯಿತು. ಆಚೆ ಕೋಣೆಯಲ್ಲಿ ಶಾಂತಲಾ ಟೀಚರ್ ಕುರ್ಚಿಯಿಂದ ಎದ್ದು ನಿಂತರಂತೆ.

“ಏನ್ರಪ್ಪಾ, ಸಂತೆ ಮುಗೀತಾ?” ಎಂದೆ ಮೇಷ್ಟ್ರ ದನಿಯಲ್ಲಿ. ಮುಗಿದಿತ್ತು. ಅಂದಿನಿಂದ ಬೆಳಿಗ್ಗೆ ಪ್ರಾರ್ಥನೆ ಮುಗಿದೊಡನೆ ನಾನು ತಿಮ್ಮಪ್ಪ ಮೇಷ್ಟ್ರು, ಸಂಜೆ ಗಂಟೆ ಹೊಡೆದ ಮೇಲೆ ಮಂಜ. ಜೂನ್ ಕಳೆಯಿತು. ಹೆಡ್ ಮಿಸ್ ಮುಖದಲ್ಲಿ ನಗು ಕಂಡಿತು. ಕ್ಲಾಸು ಹಿಡಿಯುವುದು ಇಷ್ಟೇನಾ ಎಂದು ನನಗೂ ಸ್ವಲ್ಪ ಕೊಂಬು ಬಂತು.

ಜುಲೈ ತಿಂಗಳ ಒಂದು ಬೆಳಿಗ್ಗೆ ಅರ್ಧಕ್ಕೆ ಮೂರನೇ ಒಂದನ್ನು ಕೂಡಿಸುತ್ತಿದ್ದೆ. ಗಮನವೆಲ್ಲ ದನಿಯ ಏರಿಳಿತದ ಮೇಲೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ, ಐದನೇ ಎರಡು ಎಂದು ಬೋರ್ಡಿನ ಮೇಲೆ ಗಂಭೀರವಾಗಿ ಬರೆದೆ. ಅಷ್ಟರಲ್ಲಿ ಬಾಗಿಲಲ್ಲಿ ಕೊಡೆ ಮಡಚಿದ ಸದ್ದು.

“ಯಾರು ಪಾಠ ಮಾಡ್ತಿರದು?” ಎಂದು ನನ್ನ ಆ ಹೊತ್ತಿನ ದನಿಯಲ್ಲೇ ಯಾರೋ ಕೇಳಿದರು.

ಮಕ್ಕಳು ಬಾಗಿಲು ನೋಡಿದರು, ನನ್ನನ್ನು ನೋಡಿದರು. “ನೀವೇ ಸಾರ್,” ಎಂದಳು ಸಿಂಚನಾ.

“ಅದು ರಸ್ತೆಗೇ ಕೇಳ್ತು. ನಾನು ಲೆಕ್ಕ ತಪ್ಪು ಮಾಡ್ತಾ ಇದೀನಲ್ಲ, ಅದಕ್ಕೆ ಒಳಗೆ ಬಂದೆ,” ಎಂದರು ತಿಮ್ಮಪ್ಪ ಮೇಷ್ಟ್ರು. ಬೋರ್ಡಿನ ಹತ್ತಿರ ಬಂದು ನಿಂತರು. “ಮನೇಲಿ ಅರ್ಧ ಹಲಸಿನಹಣ್ಣಿತ್ತು. ಪಕ್ಕದ ಮನೆಯವರು ಇನ್ನೊಂದು ತುಂಡು ಕೊಟ್ರು. ಎರಡೂ ಸೇರಿಸಿ ನೋಡಿದ್ರೆ ಅರ್ಧಕ್ಕಿಂತ ಕಮ್ಮಿ! ಮಧ್ಯದಲ್ಲಿ ತಿಂದವರು ಯಾರು ಮಾರಾಯ?”

ಇಡೀ ಕ್ಲಾಸು ನನ್ನ ಕಡೆ ಬೆರಳು ಮಾಡಿತು.

ಕಿವಿ ಹಿಂಡಿಸಿಕೊಳ್ಳಲು ತಯಾರಾಗಿಯೇ ಆ ಸಂಜೆ ಅವರ ಮನೆಗೆ ಹೋದೆ. ಕಾಫಿ, ಹಲಸಿನ ಹಪ್ಪಳ ಬಂದವು.

“ನಿನ್ನೆ ಸೊಸೈಟಿ ಹತ್ರ ಒಬ್ಬ ಅಪ್ಪ ಕೇಳ್ದ, ಮೇಷ್ಟ್ರೇ ಲೆಕ್ಕದ ರೀತಿ ಬದಲಾಗಿದ್ಯಾ ಅಂತ. ನನಗೆ ತಲೆಬುಡ ಗೊತ್ತಾಗ್ಲಿಲ್ಲ. ಈಗ ಗೊತ್ತಾತು,” ಎಂದರು ಮೇಷ್ಟ್ರು. “ನನ್ನ ದನಿ ನನಗೆ ವಾಪಸ್ ಕೊಡು. ನಾನಿನ್ನೂ ಬದುಕಿದೀನಿ. ಗಿರಿಜನ ಹತ್ರ ಮಾತಾಡಕ್ಕೆ ನನ್ನ ಹತ್ರ ಬೇರೆ ದನಿ ಇಲ್ಲ.”

“ಆ ದನೀಲಿ ಮಾತಾಡಿದ್ರೆ ನಾನೆಲ್ಲಿ ಕೇಳ್ತೀನಿ!” ಎಂದರು ಒಳಗಿಂದ ಗಿರಿಜಮ್ಮ. “ಆ ಹುಡುಗನಿಗೇ ಕೊಟ್ಬಿಡಿ, ಪಾಪ.”

“ವಾಪಸ್ ಕೊಟ್ರೆ ನಾನು ಕ್ಲಾಸು ಹಿಡಿಯೋದು ಹ್ಯಾಗೆ ಸಾರ್? ಹಬ್ಬದ ಹೊತ್ತಿಗೆ ನನ್ನನ್ನ ಮನೆಗೆ ಕಳಿಸ್ತಾರೆ,” ಎಂದೆ.

ಅವರು ನೇರವಾಗಿ ಉತ್ತರ ಹೇಳುವ ಜಾತಿಯಲ್ಲ. ಕಾಲು ಚಾಚಿ ಕೂತು ತಮ್ಮ ಮೊದಲ ಶಾಲೆಯ ಕತೆ ತೆಗೆದರು.

ಅದು ಶೃಂಗೇರಿ ತಾಲೂಕಿನಲ್ಲಿ, ಕೆರೆಕಟ್ಟೆಯಲ್ಲಿ ಬಸ್ಸಿಳಿದು ಕಾಡಂಚಿನಲ್ಲಿ ನಡೆದು ಹೋಗಬೇಕಾದ ಶಾಲೆ. ಒಂದರಿಂದ ನಾಲ್ಕನೇ ಕ್ಲಾಸಿನವರೆಗೆ ಒಂದೇ ಕೋಣೆ, ಒಬ್ಬರೇ ಮೇಷ್ಟ್ರು, ತಲೆಯ ಮೇಲೆ ತಗಡಿನ ಮಾಡು. ಮಳೆ ಹಿಡಿಯಿತೆಂದರೆ ಲಾರಿಯಿಂದ ಜಲ್ಲಿ ಸುರಿದಂತೆ ಸದ್ದು. ಪಕ್ಕದಲ್ಲಿ ಕೂತವರ ಮಾತೂ ಕೇಳುವುದಿಲ್ಲ. ಮೀಸೆ ಆಗಷ್ಟೇ ದಪ್ಪಗಾಗಿದ್ದ ತಿಮ್ಮಪ್ಪ ಮೇಷ್ಟ್ರು ಮಳೆಯ ಜೊತೆ ಪಂದ್ಯ ಕಟ್ಟಿದರು.

“ಮಳೆ ಜೋರಾದಂಗೆ ನಾನೂ ಜೋರಾದೆ ಮಾರಾಯ. ವಾರ ಕಳೆಯದ್ರಲ್ಲಿ ಗಂಟಲು ಬಿದ್ದೋಯ್ತು. ಮಳೆಗೆ ಎಂತದೂ ಆಗ್ಲಿಲ್ಲ.”

ದನಿ ಹೋದ ಮೇಲೆ ನಿಂತು ಮಾಡುವುದೇನಿದೆ ಎಂದು ನೆಲದ ಮೇಲೆ ಮಕ್ಕಳ ನಡುವೆ ಕೂತರು. ಮಗ್ಗಿಯನ್ನು ಬೆರಳಲ್ಲಿ ಹೇಳಿದರು, ಅಕ್ಷರವನ್ನು ಗಾಳಿಯಲ್ಲಿ ಬರೆದರು. ಅವರ ಕೈ ನೋಡಲು ಮಕ್ಕಳು ಒತ್ತೊತ್ತಾಗಿ ಹತ್ತಿರ ಬಂದರು. ಆಮೇಲೆ ಅದೇ ಅಲ್ಲಿನ ಪದ್ಧತಿಯಾಯಿತು. ಮಳೆ ಶುರುವಾದರೆ ಎಲ್ಲರ ಬಾಯಿಗೂ ಬೀಗ, ಕೈಗಳದ್ದೇ ಮಾತು.

ಒಂದು ದಿನ ಇಲಾಖೆಯ ಸಾಹೇಬರೊಬ್ಬರು, ಜೀಪು ಕೆಸರಲ್ಲಿ ಹೂತುಹೋಗಿ, ಗಾಳಿಗೆ ಮಗುಚಿಕೊಂಡ ಕೊಡೆ ಹಿಡಿದುಕೊಂಡು ನಡೆದೇ ಬಂದರು. ಬಾಗಿಲಲ್ಲಿ ನಿಂತು ನೋಡುತ್ತಾರೆ: ಒಳಗೆ ಯಾರ ತುಟಿಯೂ ಅಲ್ಲಾಡುತ್ತಿಲ್ಲ, ಮಕ್ಕಳೆಲ್ಲ ಗೋಡೆಗೆ ಆತು ನಿಂತಿದ್ದಾರೆ, ಸರ್ಕಾರ ನೇಮಿಸಿದ ಶಿಕ್ಷಕರು ನಾಲ್ಕು ಕಾಲಲ್ಲಿ ಮೇಜಿನ ಅಡಿಯಿಂದ ಬರುತ್ತಿದ್ದಾರೆ. ಹುಲಿಯ ಪಾಠ ನಡೆಯುತ್ತಿತ್ತು.

“ಸಾಹೇಬ್ರು ಎಂತದೋ ಕೇಳಿದ್ರು. ಮಳೇಲಿ ನನಗೆ ಎಲ್ಲಿ ಕೇಳಬೇಕು? ಕೊನೆಗೆ ಹೊಟ್ಟೆ ಮುಟ್ಟಿ ತೋರಿಸಿದ್ರು. ಮಕ್ಕಳು ಊಟ ಮಾಡಿದ್ವಾ ಅಂತ ಅವರ ಪ್ರಶ್ನೆ. ನನ್ನ ಮಕ್ಕಳು ಕೈ ಮಾತಲ್ಲಿ ಪಳಗಿದವಲ್ಲ, ಪಾಪ ಸಾಹೇಬ್ರಿಗೆ ಹಸಿವಾಗಿದೆ ಅಂತ ತಿಳ್ಕಂಡು, ಬುತ್ತಿ ಬಿಚ್ಚಿ ಬಾಳೆಹಣ್ಣು, ರೊಟ್ಟಿ ಎಲ್ಲಾ ಅವರ ಎದುರಿಗೆ ಇಟ್ವು.”

ಸಾಹೇಬರು ಬೇಡ ಎನ್ನಲು ಕೈ ಅಲ್ಲಾಡಿಸಿದರು. ಸಾಲದು ಎನ್ನುತ್ತಿದ್ದಾರೆ ಎಂದುಕೊಂಡು ಮಕ್ಕಳು ಇನ್ನೆರಡು ಇಟ್ಟವು. ಅವರು ಕೂತು ತಿಂದರು. ಮಳೆ ನಿಂತ ಮೇಲೆ ಏಳುತ್ತಾ, “ಪಾಠ ಎಂತದೂ ಕೇಳ್ಲಿಲ್ಲ ಮೇಷ್ಟ್ರೇ. ಮಕ್ಕಳಿಗೆ ಗಮನ ಇದೆ ಅನ್ನೋದು ಮಾತ್ರ ಗೊತ್ತಾಯ್ತು,” ಎಂದು ಹೋದರಂತೆ.

ಉಪಾಯ ಸಿಕ್ಕಿತು ಎಂದು ಮರುದಿನ ನಾನು ಕ್ಲಾಸಿನಲ್ಲಿ ಬಾಯಿ ಮುಚ್ಚಿಕೊಂಡು ನೆಲದ ಮೇಲೆ ಕೂತು ಕೈ ಆಡಿಸಿದೆ. ಮೂರು ನಿಮಿಷ ಮಕ್ಕಳು ಕುತೂಹಲದಿಂದ ನೋಡಿದರು. ಆಮೇಲೆ ಸಿಂಚನಾ ಎದ್ದು ಅಡುಗೆಕೋಣೆಗೆ ಹೋಗಿ ಒಂದು ಲವಂಗ ತಂದು ನನ್ನ ಅಂಗೈಯಲ್ಲಿಟ್ಟಳು. “ಹಲ್ಲುನೋವಿಗೆ ಒಳ್ಳೇದು ಸಾರ್.”

ಸಂಜೆ ಇದನ್ನು ಹೇಳಿದಾಗ ಮೇಷ್ಟ್ರು ಕೆಮ್ಮು ಬರುವಷ್ಟು ನಕ್ಕರು. “ಅಲ್ಲಿ ಮಳೆ ಇತ್ತು ಮಾರಾಯ. ಇಲ್ಲಿ ಮೇಲೆ ಕಾಂಕ್ರೀಟು, ಹೊರಗೆ ಬಿಸಿಲು, ನೀನು ಎಂತಕ್ಕೆ ಮೂಕ ಆದೆ? ನಾನು ಮಾಡಿದ್ದನ್ನ ಮಾಡ್ಬೇಡ. ಎಂತಕ್ಕೆ ಮಾಡ್ದೆ ಅಂತ ನೋಡು.”

ಅವರ ಹಾವಭಾವ ಹಿಡಿಯುವುದರಲ್ಲಿ ನಾನು ಪ್ರವೀಣ. ಎಂತಕ್ಕೆ ಎಂಬುದನ್ನು ಮಾತ್ರ ನಾನು ಯಾರಲ್ಲೂ ಕೇಳಿದವನಲ್ಲ. ಮೇಷ್ಟ್ರ ದನಿ ಬಿಡಲು ಧೈರ್ಯ ಬರದೆ, ಮರುದಿನವೂ ಅದನ್ನೇ ಹಾಕಿಕೊಂಡು ಕ್ಲಾಸಿಗೆ ಹೋದೆ.

ಎರಡನೆಯ ಕತೆ ಮುತ್ತಿನಕೊಪ್ಪದ ಕಡೆಯ ಶಾಲೆಯದು. ಅಲ್ಲಿ ಅವರ ಮೇಲೆ ಶೇಷಗಿರಿ ಎಂಬ ಹೆಡ್ ಮೇಷ್ಟ್ರಿದ್ದರು. ಎತ್ತರದ ಆಳು, ಮಾತು ಕಮ್ಮಿ. ಅವರೆಂದರೆ ಮಕ್ಕಳಿಗಿಂತ ಮೇಷ್ಟ್ರುಗಳಿಗೆ ಹೆಚ್ಚು ಹೆದರಿಕೆ.

ಆ ವರ್ಷ ಮಕ್ಕಳನ್ನು ಶೃಂಗೇರಿಗೆ ಪ್ರವಾಸ ಕರೆದೊಯ್ಯುವ ಜವಾಬ್ದಾರಿ ತಿಮ್ಮಪ್ಪ ಮೇಷ್ಟ್ರದ್ದು. ದೇವಸ್ಥಾನ ನೋಡಿ, ತುಂಗೆಯ ದಂಡೆಯಲ್ಲಿ ಮೀನುಗಳಿಗೆ ಮಂಡಕ್ಕಿ ಹಾಕಿ, ಮಕ್ಕಳನ್ನು ಬಸ್ಸು ಹತ್ತಿಸಿ ತಲೆ ಎಣಿಸಿದರು. ಲೆಕ್ಕ ಸರಿ ಇತ್ತು. ಇನ್ನೊಮ್ಮೆ ಎಣಿಸಿದರು. ಆಗಲೂ ಸರಿ. ನೆಮ್ಮದಿಯಿಂದ ಕೂತು, ಕೊಪ್ಪದ ಹತ್ತಿರ ಬರುವಾಗ ಹಿಂದಿನ ಸೀಟಿನಿಂದ ಒಬ್ಬ ಹುಡುಗ ಬಂದು ಅವರ ತೋಳು ಮುಟ್ಟಿದ.

“ಸಾರ್, ನಮ್ ಟೀಚರ್ ಯಾವಾಗ ಹತ್ತದು?”

ಆ ಮುಖವನ್ನು ಮೇಷ್ಟ್ರು ಜನ್ಮದಲ್ಲಿ ನೋಡಿರಲಿಲ್ಲ. ಅವತ್ತು ಹೊಳೆದಂಡೆಯಲ್ಲಿ ಇನ್ನೊಂದು ಶಾಲೆಯವರೂ ಇದ್ದರು. ಎಲ್ಲ ಸರ್ಕಾರಿ ಶಾಲೆಯ ಮಕ್ಕಳಿಗೂ ಅದೇ ಬಿಳಿ ಅಂಗಿ, ಅದೇ ನೀಲಿ ಚಡ್ಡಿ. ಮೀನಿನ ಗಲಾಟೆಯಲ್ಲಿ ಅವರದ್ದೊಬ್ಬ ಈ ಬಸ್ಸಿಗೆ, ಇವರ ಸುರೇಶ ಆ ಬಸ್ಸಿಗೆ. ಅಲ್ಲಿಯೂ ತಲೆಲೆಕ್ಕ ಸರಿಯಾಗಿಯೇ ಬಂದಿತ್ತು.

“ಕೊಪ್ಪ ಬಸ್‌ಸ್ಟ್ಯಾಂಡಲ್ಲಿ ಇಳಿದು ಎಂತ ಮಾಡದು ಅಂತ ಬೆವರ್ತಾ ನಿಂತಿದ್ದೆ. ಪುಣ್ಯಕ್ಕೆ ಅವರ ಬಸ್ಸೂ ಅದೇ ದಾರಿ. ಆ ಟೀಚರಮ್ಮ ಸುರೇಶನ ಕೈ ಹಿಡ್ಕಂಡು ಇಳಿದ್ರು. ಅವನು ಅಳ್ತಾ ಇದ್ದ. ನಾನು ಓಡಿ ಹೋಗಿ, ಹೆದರ್ಬೇಡ್ವೋ ನಾನಿದೀನಿ ಅಂದೆ. ಅವನು, ನಾನು ಬರಲ್ಲ ಸಾರ್, ಇವರ ಬಸ್ಸಲ್ಲಿ ಕೇಸರಿಬಾತ್ ಕೊಡ್ತಾರೆ ಅಂದ.”

ಆದರೆ ಮರುದಿನ ಬೆಳಿಗ್ಗೆ ಅವರಿಗೆ ನಗು ಬರಲಿಲ್ಲ. ಊರಿಗೆಲ್ಲ ಸುದ್ದಿ ಹಬ್ಬಿತ್ತು. ಆಫೀಸು ಕೋಣೆಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದರು, ಕಣ್ಣಲ್ಲಿ ನೀರಿತ್ತು. ಅಷ್ಟರಲ್ಲಿ ಗೇಟಿನ ಹತ್ತಿರ ಶೇಷಗಿರಿ ಮೇಷ್ಟ್ರ ಕೆಮ್ಮು ಕೇಳಿತು. ಎರಡು ಗಿಡ್ಡ, ಒಂದು ಉದ್ದ. ಅವರು ಅಂಗಳ ದಾಟಿ ಬರುವಷ್ಟರಲ್ಲಿ ತಿಮ್ಮಪ್ಪ ಮೇಷ್ಟ್ರು ಕಣ್ಣೊರೆಸಿಕೊಂಡು, ಕಾಲರು ಸರಿಮಾಡಿಕೊಂಡು ಎದ್ದು ನಿಂತಿದ್ದರು.

“ಲೆಕ್ಕ ಸರಿ ಇತ್ತಂತೆ?”

“ಸರಿ ಇತ್ತು ಸಾರ್.”

“ಮುಂದೆ ತಲೆ ಎಣಿಸ್ಬೇಡಿ ತಿಮ್ಮಪ್ಪನೋರೇ. ಹೆಸರು ಕರೀರಿ.”

ಅಷ್ಟೇ ಮಾತು. ಬೈಗುಳವಿಲ್ಲ, ನೋಟಿಸಿಲ್ಲ. ಎಷ್ಟೋ ವರ್ಷದ ಮೇಲೆ, ಹೆಡ್ ಮೇಷ್ಟ್ರು ನಿವೃತ್ತರಾಗುವ ದಿನ ಇವರು ಧೈರ್ಯ ಮಾಡಿ ಕೇಳಿದರಂತೆ: ನಿಮಗೆ ಶೀತ ಇಲ್ಲ, ದಮ್ಮು ಇಲ್ಲ, ದಿನಾ ಗೇಟಿನಲ್ಲಿ ಯಾಕೆ ಕೆಮ್ಮುತ್ತಿದ್ದಿರಿ?

“ಅವರು ಎಂತ ಹೇಳಿದ್ರು ಗೊತ್ತುಂಟಾ?” ಎಂದು ಮೇಷ್ಟ್ರು ನನ್ನ ಕಡೆ ಬಾಗಿದರು. “ನಾನು ಬರ್ತಿದೀನಿ ಅಂತ ಮೊದಲೇ ಗೊತ್ತಾದ್ರೆ ಎಲ್ಲರಿಗೂ ಸರಿ ಮಾಡ್ಕಳಕ್ಕೆ ಪುರುಸೊತ್ತು ಸಿಗತ್ತೆ. ಮಕ್ಕಳಿಗೂ, ಮೇಷ್ಟ್ರಿಗೂ. ಕಳ್ಳರನ್ನ ಹಿಡಿಯಕ್ಕೆ ಪೊಲೀಸರಿದಾರೆ, ನಾವ್ಯಾಕೆ ಅಂದ್ರು. ಅವತ್ತೇ ಆ ಕೆಮ್ಮು ನಾನು ಇಟ್ಕಂಡೆ. ನೀನು ಕದ್ದ ಮಾಲು ನನ್ನದಲ್ಲ ಮಾರಾಯ, ಅವರದ್ದು. ಅದೂ ತಪ್ಪು ಕದ್ದಿದೀಯ. ಅವರು ಬಾಗಿಲಾಚೆ ಕೆಮ್ತಿದ್ರು. ನೀನು ಒಳಗೆ, ಮಕ್ಕಳ ತಲೆ ಮೇಲೆ ನಿಂತು ಕೆಮ್ತೀಯ.”

ಕಚ್ಚಿದ ಹಪ್ಪಳವನ್ನು ತಟ್ಟೆಗೆ ಇಟ್ಟೆ. ನಾನು ದಿನವೂ ಬೆತ್ತದಂತೆ ಬೀಸುತ್ತಿದ್ದದ್ದು ಯಾರೋ ಒಬ್ಬರು ಇನ್ನೊಬ್ಬರ ಮಾನ ಕಾಯಲು ಕಟ್ಟಿಕೊಂಡಿದ್ದ ಗಂಟೆ. ಮರುದಿನದಿಂದ ಕೆಮ್ಮು ನಿಲ್ಲಿಸಿದೆ. ಹೆಸರು ಕರೆಯಲೂ ಹೊರಟೆ. ಆಗ ಇನ್ನೊಂದು ಸಂಗತಿ ಹೊರಬಿತ್ತು. ಒಂದು ತಿಂಗಳು ಪಾಠ ಮಾಡಿದ್ದರೂ ನನಗೆ ಸಿಂಚನಾಳ ಹೆಸರು ಬಿಟ್ಟರೆ ಉಳಿದವರೆಲ್ಲ “ಏಯ್ ಕಿಟಕಿ”, “ಏಯ್ ಕೆಂಪು ಬ್ಯಾಗು”. ಕಿಟಕಿಯ ಹೆಸರು ಪ್ರಜ್ವಲ್ ಎಂದು ತಿಳಿಯಿತು. ಆ ಹೆಸರಿಗೆ ಇಬ್ಬರು ಎದ್ದು ನಿಂತರು.

ಹೆಸರುಗಳು ಬಂದವು. ಆದರೆ ದನಿ ಮಾತ್ರ ಇನ್ನೂ ಮೇಷ್ಟ್ರದ್ದೇ. ಅದನ್ನು ಬಿಡಿಸಿದ್ದು ಇನ್ನೊಂದು ಸಂಜೆ ಅವರ ಮನೆಯಲ್ಲಿ ಕೇಳಿದ ಉಪ್ಪಿನಕಾಯಿಯ ಕತೆ.

ಸ್ಲೇಟಿನಿಂದ ಹಿಡಿದು ಬಣ್ಣದ ಕಾರ್ಡುಗಳವರೆಗೆ ಎಷ್ಟು ಪದ್ಧತಿ ಬದಲಾದರೂ ಮೇಷ್ಟ್ರು ಹೊಂದಿಕೊಂಡಿದ್ದರು. ಬಿಸಿಯೂಟದ ಲೆಕ್ಕವನ್ನು ಫೋನಿನಲ್ಲಿ ಕಳಿಸಬೇಕು ಎಂದಾಗ ನೆಟ್‌ವರ್ಕಿಗಾಗಿ ಶಾಲೆಯ ಹಿಂದಿನ ಬಂಡೆ ಹತ್ತಿ ನಿಲ್ಲುತ್ತಿದ್ದರು. ಅವರನ್ನು ಸೋಲಿಸಿದ್ದು ಕೊರೊನಾ ಕಾಲ. ಶಾಲೆಗೆ ಬೀಗ ಬಿದ್ದಿತ್ತು. ತಾಯ್ತಂದೆಯರ ವಾಟ್ಸಾಪ್ ಗುಂಪಿಗೆ ದಿನಾ ಬೆಳಿಗ್ಗೆ ಪಾಠವನ್ನು ದನಿಯಲ್ಲಿ ಕಳಿಸುತ್ತಿದ್ದರು. ಒಂದು ದಿನ ಪಾಠ ಮುಗಿಸಿ, ರೆಕಾರ್ಡಿನ ಗುಂಡಿಯಿಂದ ಬೆರಳು ತೆಗೆಯುವುದನ್ನು ಮರೆತು, ಒಳಗೆ ತಿರುಗಿ ಗುಡುಗಿದರು: “ಉಪ್ಪಿನಕಾಯಿ ಭರಣಿ ಬಾಯಿ ತೆರೆದು ಇಟ್ಟವರು ಯಾರು? ಈಗಿಂದೀಗ್ಲೇ ಮುಚ್ಚಿ!”

ಅದೂ ಗುಂಪಿಗೆ ಹೋಯಿತು. ಸಂಜೆಯೊಳಗೆ ಮನೆಮನೆಯಿಂದ ಉತ್ತರ ಬಂತು. “ಮುಚ್ಚಿದ್ವಿ ಸಾರ್.” “ನಮ್ಮನೇದು ಮುಚ್ಚೇ ಇತ್ತು ಸಾರ್.” ಒಬ್ಬರು ಮುಚ್ಚಿದ ಭರಣಿಯ ಫೋಟೋ ಹಾಕಿದ್ದರು.

“ತೆರೆದಿಟ್ಟಿದ್ದು ಇವರೇ. ನನಗೆ ಬೈಗುಳ,” ಎಂದರು ಗಿರಿಜಮ್ಮ.

ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಮೇಷ್ಟ್ರೂ ನಕ್ಕರು.

“ಮೊದಲು ನನಗೂ ನಗು ಬಂತು. ಆಮೇಲೆ ಯೋಚನೆ ಹತ್ತಿತು. ಅಷ್ಟು ಜನ ಉಪ್ಪಿನಕಾಯಿಗೆ ಉತ್ತರ ಕೊಟ್ರಲ್ಲ, ಪಾಠಕ್ಕೆ ಒಬ್ಬರೂ ಯಾಕೆ ಒಂದು ಪ್ರಶ್ನೆ ಕೇಳಿಲ್ಲ? ಮನೆಮನೆಗೆ ಹೋಗಿ ನೋಡ್ದೆ. ಎಸ್ಟೇಟಿಗೆ ಕೆಲಸಕ್ಕೆ ಹೋಗೋರು ಫೋನು ಜೊತೇಲೇ ತಗೊಂಡು ಹೋಗ್ತಿದ್ರು. ಸಂಜೆ ಬಂದು ಹಚ್ಚಿಟ್ರೆ ಮಕ್ಕಳು ಅದರ ಪಕ್ಕದಲ್ಲೇ ನಿದ್ದೆ. ಒಂದು ಕೂಸನ್ನ ಕೇಳ್ದೆ, ಪಾಠ ಅರ್ಥ ಆತಾ ಅಂತ. ಅದು ಹೇಳ್ತು, ‘ನೀವು ನಿಲ್ಸೋದೇ ಇಲ್ಲ ಸಾರ್.’ ನೋಡು, ದನಿ ಮಾತ್ರ ಹೋಗ್ತಿತ್ತು, ನಾನು ಹೋಗ್ತಿರ್ಲಿಲ್ಲ. ಮಗು ಮುಖ ಸಣ್ಣ ಮಾಡಿದ್ರೆ ನಿಲ್ಲಿಸ್ಬೇಕಲ್ಲ? ದನಿಗೆ ಕಣ್ಣಿಲ್ಲ ಮಾರಾಯ.”

ಅಂದಿನಿಂದ ಬಾಯಿಗೆ ಬಟ್ಟೆ ಕಟ್ಟಿಕೊಂಡು ಜಗುಲಿಯಿಂದ ಜಗುಲಿಗೆ ನಡೆದು ಪಾಠ ಮಾಡಿದರಂತೆ. ಇದನ್ನೆಲ್ಲ ಅವರು ನನಗೆ ಬುದ್ಧಿ ಹೇಳಲು ಹೇಳಿದರೋ, ಸುಮ್ಮನೆ ಹೇಳಿದರೋ ಗೊತ್ತಿಲ್ಲ. ಮರುದಿನ ಕ್ಲಾಸಿಗೆ ಹೋಗಿ ಬಾಗಿಲು ದಾಟಿದವನೇ, “ಇನ್ನು ತಿಮ್ಮಪ್ಪ ಮೇಷ್ಟ್ರ ದನಿ ಬರಲ್ಲ. ಅದನ್ನ ಅವರಿಗೆ ವಾಪಸ್ ಕೊಟ್ಟಿದೀನಿ,” ಎಂದೆ.

“ಹಂಗಾದ್ರೆ ನಿಮ್ದು ಯಾವ್ದು ಸಾರ್?” ಎಂದಳು ಸಿಂಚನಾ.

ಬಹಳ ಒಳ್ಳೆಯ ಪ್ರಶ್ನೆ. ಹುಡುಕಿದೆ. ಮೊದಲು ಬಂದದ್ದು ವಾರ್ತೆಯವನ ದನಿ, ಮಕ್ಕಳು ನಕ್ಕರು. ಆಮೇಲೆ ಗಟ್ಟಿಮಾಡಲು ಹೋದರೆ ಕಂಡಕ್ಟರು ಬಂದ, ಹಿಂದಿನ ಬೆಂಚಿನವರು “ರೈಟ್ ರೈಟ್” ಎಂದರು. ಮೊದಲ ವಾರದ ಸಂತೆ ಮತ್ತೆ ಸೇರಿತು. ಶಾಂತಲಾ ಟೀಚರ್ ಎರಡು ಸಲ ಬಾಗಿಲಿಗೆ ಬಂದು ಇಣುಕಿದರು. ಎರಡನೇ ಸಲ ಮುಖದಲ್ಲಿ ನಗು ಇರಲಿಲ್ಲ. “ಶನಿವಾರ ದೂರ ಇಲ್ಲ ಮಂಜುನಾಥ್,” ಎಂದಷ್ಟೇ ಹೇಳಿ ಹೋದರು.

ಗಟ್ಟಿ ದನಿ ನನ್ನಲ್ಲಿ ಇಲ್ಲವೆಂದು ಒಪ್ಪಿಕೊಂಡು, ಬೆಂಚುಗಳ ನಡುವೆ ಓಡಾಡತೊಡಗಿದೆ. ಒಬ್ಬೊಬ್ಬರ ಹೆಸರು ಹಿಡಿದು ಒಬ್ಬೊಬ್ಬರ ಹತ್ತಿರ ನಿಂತು ಕೇಳಿದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೆ. ಸದ್ದು ಪೂರ್ತಿ ನಿಲ್ಲಲಿಲ್ಲ, ಆದರೆ ಅದರಲ್ಲಿ ಅರ್ಧ ಪಾಠದ್ದೇ ಸದ್ದಿರಬಹುದು ಎಂಬ ಅನುಮಾನ ಬರತೊಡಗಿತು. ಅನುಮಾನ ಅಷ್ಟೇ. ಅದನ್ನು ನಂಬಿ ಸಮಿತಿಯವರ ಎದುರು ನಿಲ್ಲುವಂತಿರಲಿಲ್ಲ.

ಶನಿವಾರ ಬಂದೇಬಿಟ್ಟಿತು. ಹಿಂದಿನ ಬೆಂಚಿನಲ್ಲಿ ಹೆಡ್ ಮಿಸ್, ಪಕ್ಕದಲ್ಲಿ ಅಧ್ಯಕ್ಷರು, ಅವರ ಪಕ್ಕದಲ್ಲಿ, ಯಾರು ಕರೆದರೋ ಏನೋ, ಇಸ್ತ್ರಿ ಅಂಗಿ ತೊಟ್ಟ ತಿಮ್ಮಪ್ಪ ಮೇಷ್ಟ್ರು. ಕೆಮ್ಮು ನಾಲಿಗೆಯ ತುದಿಗೆ ಬಂದು ನಿಂತಿತ್ತು. ನುಂಗಿದೆ.

ಪಾಠ, ನೀರು ಆವಿಯಾಗುವುದು. ರಾತ್ರಿ ಒಲೆಯ ಮೇಲಿನ ತಂತಿಗೆ ಹಾಕಿದ ಒದ್ದೆ ಯೂನಿಫಾರಂ ಬೆಳಿಗ್ಗೆ ಒಣಗಿರುತ್ತದಲ್ಲ, ಆ ನೀರು ಎಲ್ಲಿಗೆ ಹೋಯಿತು ಎಂದು ಕೇಳಿದೆ. ಒಬ್ಬರೂ ಬಾಯಿ ಬಿಡಲಿಲ್ಲ. ಬಂದವರನ್ನು ನೋಡಿ ಮಕ್ಕಳೂ ಹೆದರಿದ್ದರು. ತೋರಿಸಲು ತಂದಿಡಬೇಕಾಗಿದ್ದ ಒದ್ದೆ ಬಟ್ಟೆಯನ್ನೂ ಮರೆತಿದ್ದೆ. “ಒಂದೇ ನಿಮಿಷ,” ಎಂದು ಅಡುಗೆಕೋಣೆಗೆ ಓಡಿದೆ. ಹೋಗುವಾಗಲೇ ನನಗೆ ಗೊತ್ತಾಯಿತು, ಇವತ್ತಿಗೆ ನನ್ನ ಮೇಷ್ಟ್ರಗಿರಿ ಮುಗಿಯಿತು. ಸಮಿತಿಯವರನ್ನು ಕೂರಿಸಿ ಕ್ಲಾಸು ಬಿಟ್ಟು ಓಡಿದ ಅತಿಥಿ ನಾನೊಬ್ಬನೇ ಇರಬೇಕು.

ಬಟ್ಟೆ ಅದ್ದಿಕೊಂಡು ಜಗುಲಿಗೆ ಬಂದಾಗ ಒಳಗಿಂದ ಯಾವುದೋ ದನಿ ಕೇಳಿತು.

“ಹಂಗಾದ್ರೆ... ನೀರು ಎಲ್ಲಿಗೋಯ್ತು? ಯಾರಿಗೂ ಗೊತ್ತಿಲ್ಲ? ಒಳ್ಳೇದಾಯ್ತು ಬಿಡಿ, ನಂಗೂ ನಿನ್ನೆ ತನಕ ಗೊತ್ತಿರ್ಲಿಲ್ಲ. ಒಟ್ಟಿಗೆ ಹುಡ್ಕನ. ಪ್ರಜ್ವಲ್, ಇಬ್ರಲ್ಲಿ ಯಾರಾದ್ರೂ ಒಬ್ರು ಹೇಳಿ.”

ನಿಂತು ಕೇಳಿದೆ. ಕಸುಬಿನ ಅಭ್ಯಾಸ, ದನಿ ಯಾರದ್ದೆಂದು ಗುರುತು ಹಿಡಿಯದೆ ಇರಲಾರೆ. ಕಂಡಕ್ಟರ್ ಅಲ್ಲ. ವಾರ್ತೆಯವನೂ ಅಲ್ಲ. ಮೇಷ್ಟ್ರಂತೂ ಅಲ್ಲವೇ ಅಲ್ಲ. ಮಾತಿನ ಮಧ್ಯೆ ಎಡವಿ, ಎಡವಿದ್ದಕ್ಕೆ ತಾನೇ ನಕ್ಕು, ಮತ್ತೆ ಹೊರಡುವ ದನಿ. ಪರವಾಗಿಲ್ಲ, ಕೇಳಬಹುದು, ಯಾರಪ್ಪ ಇವನು ಎಂದುಕೊಂಡು ಬಾಗಿಲಿನಿಂದ ಇಣುಕಿದೆ.

ಬೋರ್ಡಿನ ಮುಂದೆ ಸಿಂಚನಾ ನಿಂತಿದ್ದಳು. ಪ್ರಶ್ನೆ ಕೇಳಿದಾಗಲೆಲ್ಲ ಸೀಮೆಸುಣ್ಣದಿಂದ ಎಡಗಿವಿ ಕೆರೆದುಕೊಳ್ಳುತ್ತಿದ್ದಳು, ಕಿವಿ ಪೂರ್ತಿ ಬೆಳ್ಳಗಾಗಿತ್ತು. ನನ್ನ ಕೈ ತಾನಾಗಿ ನನ್ನ ಎಡಗಿವಿಗೆ ಹೋಯಿತು. ಬೆರಳಿಗೆ ಬಿಳಿ ಹುಡಿ ಹತ್ತಿತು.

ಹೆದರಿ ಕೂತಿದ್ದ ಮಕ್ಕಳು ಈಗ ಬೆಂಚಿನ ಅಂಚಿಗೆ ಬಂದಿದ್ದರು. ಗಾಳಿಗೆ ಹೋಯಿತು ಎಂದ ಒಬ್ಬ ಪ್ರಜ್ವಲ್, ಒಲೆ ಕುಡಿಯಿತು ಎಂದ ಇನ್ನೊಬ್ಬ. ಯಾರೋ ಹೊಗೆಯ ಜೊತೆ ಹೋಯಿತು ಎಂದರು. ಅಧ್ಯಕ್ಷರು ಸಮಿತಿಯನ್ನು ಮರೆತು, “ಮತ್ತೆ ಒಲೆ ಇಲ್ದಿದ್ರೂ ಒಣಗತ್ತಲ್ಲೇ?” ಎಂದು ವಾದಕ್ಕಿಳಿದಿದ್ದರು. ಶಾಂತಲಾ ಟೀಚರ್ ಸೆರಗಿನಲ್ಲಿ ನಗು ಮುಚ್ಚಿಕೊಂಡಿದ್ದರು.

ನಾನು ಗಡಿಬಿಡಿಯಲ್ಲಿ ಒಳಗೆ ಕಾಲಿಟ್ಟೆ. ಹಿಂದಿನ ಬೆಂಚಿನಿಂದ ತಿಮ್ಮಪ್ಪ ಮೇಷ್ಟ್ರು ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ತಡೆದರು.

“ಶ್! ಕೂತ್ಕ ಮಾರಾಯ. ಮೇಷ್ಟ್ರು ಪಾಠ ಮಾಡ್ತಿದಾರೆ.”

ಹೆಡ್ ಮಿಸ್ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು. ನೀರು ತೊಟ್ಟಿಕ್ಕುವ ಬಟ್ಟೆ ಹಿಡಿದುಕೊಂಡೇ ಕೂತೆ. ಮುಂದಿನ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು, ಕೈ ಎತ್ತಿದೆ.

“ಗೊತ್ತಿರೋರು ಸುಮ್ನಿರಿ,” ಎಂದಳು ಸಿಂಚನಾ, ನನ್ನ ದನಿಯಲ್ಲಿ.